ಹಸಿರು ಪರದೆಯ ಆಚೆಯವರು

ಅಥವಾ ಡಬ್ಬಿ ಬಿದ್ದದ್ದು ಆಮೇಲೆಯೇ ಇರಬಹುದು. ಮೊದಲು ಅರ್ಚಕರ ಬೆನ್ನು ಹಾಸಿಗೆ ಬಿಟ್ಟು ಮೇಲೆದ್ದಿತು, ಅದನ್ನು ಕಂಡು ಬೆಚ್ಚಿದ ಯಾರದೋ ಕೈಯಿಂದ ಸ್ಟೀಲಿನ ಡಬ್ಬಿ ಜಾರಿತು ಎಂದೂ ಹೇಳಬಹುದು. ಇಷ್ಟು ದಿನ ನಾನು ಹೇಳುತ್ತ ಬಂದದ್ದು ಇದನ್ನು ತಿರುವಿಹಾಕಿ: ಡಬ್ಬಿ ಬಿತ್ತು, ಸದ್ದಾಯಿತು, ಸದ್ದಿಗೆ ಅವರ ಮೈಗೆ ಸೆಳೆತ ಬಂತು. ಹೀಗೆ ಹೇಳಿದರೆ ಕೇಳುವವರು ತಲೆಯಾಡಿಸುತ್ತಾರೆ, ನನಗೂ ಬೈಯಲು ಯಾರಾದರೂ ಸಿಗುತ್ತಾರೆ. ಅದಕ್ಕೇ ಈ ಕ್ರಮದ ಮೇಲೆ ನನಗೆ ಅನುಮಾನ. ನೆನಪು ಇಷ್ಟು ನೀಟಾಗಿ ಸಾಲು ಹಚ್ಚಿ ನಿಂತಿದ್ದರೆ ಅದನ್ನು ಯಾರೋ ನಿಲ್ಲಿಸಿದ್ದಾರೆ ಎಂದರ್ಥ. ಆ ಯಾರೋ ನಾನೇ.

ಅನುಮಾನವಿಲ್ಲದ ಸಂಗತಿಗಳೂ ಕೆಲವಿವೆ. ನಾನಾಗ ಗಂಡಸರ ಜನರಲ್ ವಾರ್ಡಿನಲ್ಲಿ ಹಗಲು ಪಾಳಿಯ ನರ್ಸ್. ಆಸ್ಪತ್ರೆ ಸೇಡಂ, ಚಿತ್ತಾಪುರದ ಕಡೆಯದೇ, ಹೆಸರು ಬೇಡ. ಮೇಲ್ಮಹಡಿಯಲ್ಲಿ ಉದ್ದನೆಯ ಹಾಲ್, ನೆಲಕ್ಕೆ ಶಹಾಬಾದಿನ ಫರಸಿಕಲ್ಲು, ಎರಡೂ ಗೋಡೆಗೆ ಮಂಚಗಳ ಸಾಲು, ಬಾಗಿಲ ಪಕ್ಕದಲ್ಲಿ ನಮ್ಮ ಮೇಜು. ಗೋಡೆಯೊಳಗಿಂದ ಆಮ್ಲಜನಕ ಬರುತ್ತಿದ್ದದ್ದು ಮೇಜಿನೆದುರಿನ ಎರಡು ಮಂಚಗಳಿಗೆ ಮಾತ್ರ. ಆ ಎರಡರ ನಡುವೆ ಒಬ್ಬ ಮನುಷ್ಯ ಅಡ್ಡ ತಿರುಗಿ ನಿಲ್ಲುವಷ್ಟು ಜಾಗ. ಆ ಜಾಗದಲ್ಲಿ ಚಕ್ರದ ಕಾಲಿನ ಒಂದು ಹಸಿರು ಪರದೆ.

ಪರದೆಯ ಒಂದು ಬದಿಗೆ ಅರ್ಚಕರು. ಮಳಖೇಡದ ಕಡೆಯವರು, ಗುಡಿಯ ಸೇವೆ ಮಾಡುವ ಮನೆತನ. ಬರಿಗಾಲಲ್ಲಿ ಓಡಾಡುವ ಮನುಷ್ಯ. ಅಂಗಾಲಿಗೆ ತುಕ್ಕು ಹಿಡಿದ ಮೊಳೆ ಹೊಕ್ಕಿತ್ತು. ಅರಿಶಿನ ಮೆತ್ತಿ ಮರೆತಿದ್ದರು. ಆಮೇಲೆ ದವಡೆ ಬಿಗಿಯಿತು, ಬಾಯಿ ತೆರೆಯಲಾಗಲಿಲ್ಲ. ಹಲ್ಲಿನ ತೊಂದರೆ ಎಂದು ಹಲ್ಲಿನ ಡಾಕ್ಟರ ಬಳಿ ಹೋಗಿ ಬಂದಿದ್ದರು. ಕುತ್ತಿಗೆಯೂ ಮರದಂತಾದ ಮೇಲೆ ನಮ್ಮಲ್ಲಿಗೆ ಕರೆತಂದರು. ಧನುರ್ವಾಯು.

ಈ ಕಾಯಿಲೆ ಬಂದವರ ನರಗಳಿಗೆ ಚರ್ಮವಿಲ್ಲ ಎಂದುಕೊಳ್ಳಿ. ತಟ್ಟನೆ ಸದ್ದಾದರೆ, ಬೆಳಕು ಬಿದ್ದರೆ, ಹೇಳದೆ ಮುಟ್ಟಿದರೆ ಇಡೀ ಮೈ ಒಂದೇ ಏಟಿಗೆ ಬಿಗಿಯುತ್ತದೆ. ಗಂಟಲೂ ಬಿಗಿದರೆ ಉಸಿರು ನಿಲ್ಲುತ್ತದೆ. ಗಾಯ ಕೊಯ್ದು ತೊಳೆಯಬಹುದು, ವಿಷಕ್ಕೆ ಮದ್ದು ಚುಚ್ಚಬಹುದು, ಸ್ನಾಯು ಸಡಿಲಿಸುವ ಔಷಧಿಯನ್ನು ಡ್ರಿಪ್ಪಿನಲ್ಲಿ ಹರಿಸಬಹುದು. ಆದರೆ ನರಕ್ಕೆ ಆಗಲೇ ಅಂಟಿಕೊಂಡ ವಿಷವನ್ನು ಬಿಡಿಸಲು ಬರುವುದಿಲ್ಲ, ಅದು ತಾನಾಗಿ ಬಿಡಬೇಕು. ಅಲ್ಲಿಯವರೆಗೆ ಆ ಮನುಷ್ಯ ಬೆಚ್ಚದಂತೆ ಕಾಯುವುದೇ ಚಿಕಿತ್ಸೆಯ ಅರ್ಧ.

ಕಲಬುರಗಿಯ ದೊಡ್ಡ ಆಸ್ಪತ್ರೆಗಳಿಗೆ ಡಾಕ್ಟರು ಫೋನ್ ಹಚ್ಚಿದರು. ಉಸಿರಾಟದ ಯಂತ್ರವಿರುವ ಹಾಸಿಗೆ ಖಾಲಿ ಇರಲಿಲ್ಲ. ಸಿಮೆಂಟ್ ಲಾರಿಗಳ ಹಾರ್ನಿನ ನಡುವೆ ಗುಂಡಿ ಬಿದ್ದ ರಸ್ತೆಯಲ್ಲಿ ಅವರನ್ನು ಒಯ್ಯುವುದೂ ಅಪಾಯವೇ. ವರಾಂಡದ ಕೊನೆಯಲ್ಲಿ ಒಂದು ಒಂಟಿ ಕೋಣೆಯಿತ್ತು. ಅಲ್ಲಿ ಆಮ್ಲಜನಕದ ಕೊಳವೆ ಇಲ್ಲ, ನಮ್ಮ ಮೇಜಿನಿಂದ ಕಾಣುವುದೂ ಇಲ್ಲ. ಹೀಗಾಗಿ ಶಾಂತಿ ಬೇಕಾದ ಮನುಷ್ಯನನ್ನು ವಾರ್ಡಿನ ಅತಿ ಗದ್ದಲದ ಮೂಲೆಯಲ್ಲೇ ಮಲಗಿಸಿದೆವು.

ಪರದೆಯ ಇನ್ನೊಂದು ಬದಿಗೆ ಶಹಾಬಾದಿನ ಮುದುಕ. ಆಯುಷ್ಯವೆಲ್ಲ ಫರಸಿ ಪಾಲಿಶ್ ಮಾಡುವ ಶೆಡ್ಡಿನಲ್ಲಿ ಕಳೆದವನು. ಕಲ್ಲಿನ ಪುಡಿ ಎದೆಯಲ್ಲಿ ಕೂತಿತ್ತು. ಆಮ್ಲಜನಕ ತೆಗೆದರೆ ತುಟಿ ನೀಲಿಯಾಗುತ್ತಿತ್ತು. ಅಂದರೆ ಅವನನ್ನೂ ಬೇರೆ ಮಂಚಕ್ಕೆ ಸರಿಸುವಂತಿಲ್ಲ. ಅವನ ಜೊತೆಗೆ ದೊಡ್ಡ ಮಗ, ಸೊಸೆ, ಮತ್ತು ಮುದುಕನ ಅಕ್ಕ. ಮಗ, ಸೊಸೆ ಇಬ್ಬರೂ ಅದೇ ಶೆಡ್ಡಿನ ಕೆಲಸದವರು. ಮೂವರೂ ಮಾತಾಡಿದರೆ ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಆಚೆ ನಿಂತವರನ್ನು ಕರೆದಂತೆ.

ಬರೀ ಮಾತಲ್ಲ. ಮಗ ಫೋನನ್ನು ಕಿವಿಗೆ ಹಿಡಿಯುತ್ತಲೇ ಇರಲಿಲ್ಲ, ಅಂಗೈ ಮೇಲಿಟ್ಟು ಸ್ಪೀಕರ್ ಹಾಕಿ ಅದರ ಮೇಲೆ ಕೂಗುತ್ತಿದ್ದ. ನೋಡಲು ಬಂದವರೆಲ್ಲ ಕಾಯಿಲೆಯ ಕಥೆಯನ್ನು ಮೊದಲಿನಿಂದ ಕೇಳುವವರೇ. ಕಾಳಗಿಯ ಬಸ್ಸಿಳಿದು ಬಂದವನಿಗೆ ಹೇಳಿ ಮುಗಿಸುವಷ್ಟರಲ್ಲಿ ಶಹಾಬಾದಿನವನು ಬಂದು ಕೂರುತ್ತಿದ್ದ. ಕಥೆ ಮತ್ತೆ ಮೊದಲ ಕೆಮ್ಮಿನಿಂದ. ಬಾರದೆ ಉಳಿದವರು ವೈರಿಗಳೆಂದು ಲೆಕ್ಕವಾದ್ದರಿಂದ ಎಲ್ಲರೂ ಬರುತ್ತಿದ್ದರು.

ಸದ್ದಿನಲ್ಲಿ ನಮ್ಮ ಪಾಲೂ ಇತ್ತು. ಕಫ ಸಡಿಲಾಗಲೆಂದು ಮುದುಕನ ಬೆನ್ನನ್ನು ಬೊಗಸೆಗೈಯಲ್ಲಿ ತಟ್ಟಬೇಕೆಂದು ಸೊಸೆಗೆ ಕಲಿಸಿದವಳು ನಾನೇ. ಅವಳು ತಟ್ಟಿದರೆ ಡೊಳ್ಳಿನ ಸದ್ದು. ಹಬೆ ಮದ್ದು ಕೊಡುವ ಯಂತ್ರ ಹಿಟ್ಟಿನ ಗಿರಣಿಯಂತೆ ಗುರುಗುಟ್ಟುತ್ತಿತ್ತು. ಆ ಮದ್ದನ್ನು ಗೋಡೆಯ ಆಮ್ಲಜನಕದಿಂದಲೇ ಕೊಡುವಂತೆ ಬದಲಿಸಿದೆ. ಸ್ಟೀಲಿನ ಟ್ರೇ ತೆಗೆದು ಪ್ಲಾಸ್ಟಿಕ್ಕಿನದು ತಂದೆ, ಟ್ರಾಲಿಯ ಚಕ್ರಕ್ಕೆ ಕೊಬ್ಬರಿ ಎಣ್ಣೆ ಬಿಟ್ಟೆ, ಅರ್ಚಕರ ಕಿವಿಗೆ ಹತ್ತಿ ಇಟ್ಟೆ, ಅವರ ಬದಿಯ ಕಿಟಕಿಗೆ ಕಂಬಳಿ ಕಟ್ಟಿದೆ. ಬಾಯಿ ಶುಚಿ, ಮಗ್ಗಲು ಬದಲಿಸುವುದು, ಮೂಗಿನ ಕೊಳವೆಯಲ್ಲಿ ಗಂಜಿ ಎಲ್ಲವನ್ನೂ ಔಷಧಿ ಹಿಡಿದ ಹೊತ್ತಿನಲ್ಲಿ ಒಟ್ಟಿಗೇ ಮುಗಿಸಿ ಉಳಿದ ಸಮಯ ಅವರನ್ನು ಮುಟ್ಟದೆ ಬಿಡುವುದು ಕ್ರಮ. ಮುಟ್ಟುವ ಮೊದಲು ಮೆಲ್ಲಗೆ ಹೇಳಬೇಕು: ಈಗ ಕೈ ಹಿಡೀತೀನಿ, ಈಗ ಮಗ್ಗಲು ಮಾಡ್ತೀನಿ. ಅವರಿಗೆ ಎಲ್ಲ ತಿಳಿಯುತ್ತಿತ್ತು. ಈ ಕಾಯಿಲೆಯ ಕ್ರೌರ್ಯ ಅದೇ, ಎಚ್ಚರ ಹೋಗುವುದಿಲ್ಲ.

ಮತ್ತೆ ಪರದೆಯ ಆಚೆಯಿಂದ: "ಏ ಅಕ್ಕವ್ವಾ, ಚಾ ಬಂತೇನು?"

ನಾನು ಕೈ ಮುಗಿದೆ, ಗದರಿದೆ. ಸ್ವಲ್ಪ ಹೊತ್ತು ಪಿಸುಗುಟ್ಟುತ್ತಿದ್ದರು, ಅದೂ ನಾಲ್ಕು ಮಂಚಕ್ಕೆ ಕೇಳುವ ಪಿಸುಮಾತು. ಆಮೇಲೆ ದನಿ ತಾನಾಗಿ ಮೇಲೇರುತ್ತಿತ್ತು. ಮುದುಕನ ಅಕ್ಕ ಒಮ್ಮೆ ನನ್ನ ಮುಖಕ್ಕೇ ಹೇಳಿದಳು.

"ಸಿಸ್ಟರವ್ವಾ, ಬಾಯಿಗಿ ಬೀಗ ಹಾಕ್ಕೊಂಡು ಕುಂದ್ರಲಿಕ್ಕ ನಾವೇನು ಹೆಣದ ಮುಂದ ಕುಂತೀವೇನು? ನನ್ನ ತಮ್ಮ ಇನ್ನಾ ಜೀವಂತ ಹಾನ. ಮಂದಿ ಸುಮ್ಮ ಕುಂತಿದ್ದು ನೋಡಿದ್ರ ಅವಾ ಏನು ತಿಳ್ಕೋಬೇಕು? ನಾ ಹೋಗೇ ಬಿಟ್ಟೆ ಅಂತ ತಿಳ್ಕೋತಾನ!"

ಎದುರು ಸಾಲಿನಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ತೆಂಗಳಿಯ ರೈತ ಅಲ್ಲಿಂದಲೇ ಸೇರಿಸಿದ: "ಹಂಗೇನು ಅನುಮಾನ ಬ್ಯಾಡಬೇ ಯಮ್ಮಾ. ನಿನ್ನ ಆವಾಜಿಗಿ ಹೋದವರೂ ಎದ್ದು ಕುಂದ್ರತಾರ."

ಅರ್ಚಕರ ಹೆಂಡತಿ ನಗಲಿಲ್ಲ. ಸಣ್ಣ ಮೈಯ, ಮೆಲುದನಿಯ ಹೆಂಗಸು. ಗಂಡನ ತಲೆಯ ಬಳಿ ಸ್ಟೂಲಿನ ಮೇಲೆ ಕೂತು ಪರದೆಯನ್ನೇ ನೋಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನನ್ನು ವರಾಂಡಕ್ಕೆ ಕರೆದಳು.

"ಇವರು ಬೇಕಂತಲೇ ಮಾಡ್ಲಿಕತ್ತಾರರಿ."

"ಯಾಕ ಮಾಡ್ತಾರವ್ವ? ಅವರಿಗೂ ಪೇಶಂಟ್ ಇದ್ದಾನಲ್ಲ?"

"ಆ ಮಗನ ಗುರ್ತು ಹತ್ತೇದ ನನಗ. ನಮ್ಮ ಗುಡಿ ಅಂಗಳಕ್ಕ ಫರಸಿ ಹಾಸಿದವನು ಅವನೇ. ನೀರು ಗರ್ಭಗುಡಿ ಕಡಿ ಹರೀತದ ಅಂತ ನಮ್ಮವರು ಒಂದು ಇಡೀ ಸಾಲು ಕೀಳಿಸಿ ಮತ್ತ ಹಾಕಿಸಿದ್ರು. ಮಂದಿ ಮುಂದ ಭಾಳ ಮಾತಾಡಿದ್ರು. ಅಂವ ಹಲ್ಲು ಕಡಕೊಂಡು ಹೋಗಿದ್ದ. ಈಗ ನೋಡ್ರಿ, ಕೈಗಿ ಸಿಕ್ಕಾರ."

ನಾನು ಮಗನನ್ನು ಕೇಳಿದೆ. ಮೊದಲ ಸಲ "ಹಾಂ?" ಎಂದ. ಎರಡನೆಯ ಸಲ ನನ್ನ ಬಾಯಿಯನ್ನೇ ನೋಡಿ, "ಇಲ್ರಿ, ನಾ ಮಳಖೇಡ ಕಡಿ ಕೆಲಸಕ್ಕ ಹೋಗೇ ಇಲ್ಲ" ಎಂದು ಹಾಲ್ ತುಂಬ ಕೇಳುವಂತೆ ಹೇಳಿದ. ಸೊಸೆ ಅವನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ಅಥವಾ ನೆಲ ನೋಡಿದಳು ಎಂಬುದು ನಾನು ಆಮೇಲೆ ಸೇರಿಸಿಕೊಂಡದ್ದಿರಬಹುದು. ಅಂದಿನಿಂದ ನನ್ನೊಳಗೂ ಅದು ಹೊಕ್ಕಿತು. ಅವರ ಪ್ರತಿ ಕೆಮ್ಮು, ಪ್ರತಿ ಲೋಟ ನನಗೆ ಉದ್ದೇಶವಿದ್ದಂತೆ ಕೇಳತೊಡಗಿತು. ಮೇಜಿನ ಬಳಿ ಸಿರಿಂಜಿಗೆ ಔಷಧಿ ಎಳೆಯುತ್ತಿದ್ದರೂ ಕಿವಿ ಪರದೆಯ ಆಚೆಗೇ.

ಆಮೇಲೆ ಡಬ್ಬಿ ಬಿತ್ತು.

ಊಟದ ಹೊತ್ತು. ಮೂರು ಅಂತಸ್ತಿನ ಸ್ಟೀಲಿನ ಡಬ್ಬಿ, ಫರಸಿಯ ನೆಲ. ನಾನು ಪರದೆ ದಾಟಿ ಬಂದಾಗ ಅರ್ಚಕರು ತಲೆ ಮತ್ತು ಹಿಮ್ಮಡಿಯ ಮೇಲೆ ಮಾತ್ರ ನಿಂತಿದ್ದರು, ನಡುವೆ ಇಡೀ ಮೈ ಗಾಳಿಯಲ್ಲಿ. ಹಲ್ಲು ಕಚ್ಚಿದ್ದರು, ಕಣ್ಣು ತೆರೆದಿತ್ತು, ಆ ಕಣ್ಣು ನನ್ನನ್ನು ನೋಡುತ್ತಿತ್ತು. ಡ್ರಿಪ್ಪಿನ ಕೊಳವೆಗೆ ಔಷಧಿ ಒತ್ತಿದೆ, ಮುಖಕ್ಕೆ ಮಾಸ್ಕ್ ಹಿಡಿದು ಗಾಳಿಚೀಲ ಹಿಚುಕಿದೆ. ಮೊದಲು ಗಾಳಿ ಹೋಗಲೇ ಇಲ್ಲ, ಗೋಡೆಗೆ ಊದಿದಂತೆ. ಆಮೇಲೆ ಸ್ವಲ್ಪ ಹೋಯಿತು. ಆಮೇಲೆ ಎದೆ ಎದ್ದಿತು. ಪರದೆಯ ಕೆಳಗಿನಿಂದ ಮುದುಕನ ಬದಿಯ ಅನ್ನ, ಬೇಳೆ ಹರಿದು ನನ್ನ ಚಪ್ಪಲಿಯವರೆಗೆ ಬಂದಿತ್ತು. ಅದು ಮಾತ್ರ ಖಚಿತ. ಬೇಳೆ ಬಿಸಿಯಾಗಿತ್ತು.

ಡಾಕ್ಟರು ಗಂಟಲಲ್ಲಿ ರಂಧ್ರ ಮಾಡುವ ಸಲಕರಣೆಯನ್ನು ಮಂಚದ ಕೆಳಗೇ ಇಡಿಸಿದರು. ನನ್ನನ್ನು ಪಕ್ಕಕ್ಕೆ ಕರೆದರು. "ಇಬ್ಬರನ್ನೂ ಇಲ್ಲಿ ಇಟ್ಟುಕೊಳ್ಳೋದು ಆಗಲ್ಲ ಸಿಸ್ಟರ್. ಇವರನ್ನ ಅಲುಗಾಡಿಸೋ ಹಂಗಿಲ್ಲ. ಮುದುಕನಿಗೆ ಬರೀ ಆಕ್ಸಿಜನ್ ಸಾಕು, ಅವನನ್ನ ನಾಳೆ ಕಲಬುರಗಿಗೆ ಕಳಿಸಿಬಿಡೋಣ."

"ದಾರ್ಯಾಗ ಅವನಿಗೇನಾದ್ರೂ ಆದ್ರ ಸರ್?"

ಅವರು ಕಲಬುರಗಿಗೆ ಕಳಿಸುವ ಚೀಟಿ ಬರೆಯತೊಡಗಿದರು. ಪ್ರಶ್ನೆ ಅವರಿಗೂ ಗೊತ್ತಿದ್ದದ್ದೇ.

ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ಕಳಿಸುವ ಮೊದಲು ಮುದುಕನ ಮನೆಯವರ ಕೆಟ್ಟ ಬುದ್ಧಿಗೆ ಒಂದು ಸಾಕ್ಷಿ ಸಿಕ್ಕರೆ ಸಾಕೆಂದು ಅವರನ್ನು ಕಾಯತೊಡಗಿದೆ. ಕಾದಾಗ ಕಂಡದ್ದು ಬೇರೆ. ಸೊಸೆ ಗಂಡನೊಡನೆ ಮಾತಾಡುವಾಗ ಪ್ರತಿ ಸಲವೂ ಸುತ್ತು ಹಾಕಿ ಅವನ ಬಲಬದಿಗೆ ಬರುತ್ತಿದ್ದಳು. ಅವನು ಎಲ್ಲರ ಬಾಯಿ ನೋಡುತ್ತಿದ್ದ, ಕಣ್ಣು ನೋಡುತ್ತಿರಲಿಲ್ಲ. ಅವನ ಬೆನ್ನ ಹಿಂದೆ ನಿಂತು ಮಾಮೂಲಿ ದನಿಯಲ್ಲಿ, "ಬಾಗಿಲದಾಗ ಯಾರದೋ ಚಪ್ಪಲಿ ಕಳುವಾಗ್ಯಾವ" ಎಂದೆ. ತೆಂಗಳಿಯ ರೈತ ಪ್ಲಾಸ್ಟರಿನ ಕಾಲು ಮರೆತು ಎದ್ದು ಕೂತ: "ಯಾರದ್ರಿ? ಕರೇ ಚಪ್ಪಲ್ ಏನ್ರಿ?" ಮಗ ಕದಲಲಿಲ್ಲ.

ಶೆಡ್ಡಿನಲ್ಲಿ ಕಲ್ಲು ಕೊಯ್ಯುವ ಕಟ್ಟರಿನ ಸದ್ದು ಅವರ ಕಿವಿ ತಿಂದಿತ್ತು. ಸೊಸೆಯದು ಸ್ವಲ್ಪ, ಮಗನದು ಬಹಳ, ಮುದುಕನದು ಪೂರ್ತಿ. ಮುದುಕನ ಅಕ್ಕ ಆಯುಷ್ಯವಿಡೀ ಇವರೊಡನೆ ಕೂಗಿ ಕೂಗಿ ಆ ದನಿಯಲ್ಲೇ ನಿಂತುಬಿಟ್ಟಿದ್ದಳು. ಹಾಗೆಂದು ನನ್ನ ಅನುಮಾನ ಹೋಯಿತೆಂದಲ್ಲ. ಕಿವಿ ಕೇಳದವರಿಗೂ ಹಗೆ ಇರಬಹುದು.

ಅದೇ ಸಂಜೆ ಕಿಟಕಿಯಲ್ಲಿ ಸೊಸೆ ನಿಂತಿದ್ದಳು. ಮಗ ಕೆಳಗೆ ಗೇಟಿನಾಚೆ ಚಹಾದ ಅಂಗಡಿಯಲ್ಲಿ. ನಡುವೆ ಇಡೀ ಅಂಗಳ, ಅಂಗಳದಲ್ಲಿ ಆಂಬುಲೆನ್ಸ್ ಎಂಜಿನ್ ಓಡುತ್ತಿತ್ತು. ಅವಳು ಕೂಗಲಿಲ್ಲ. ಎರಡು ಬೆರಳನ್ನು ಅಂಗೈಗೆ ಒರೆಸಿ, ಮುಷ್ಟಿ ಎದೆಗೆ ತಾಗಿಸಿ, ಹೆಬ್ಬೆರಳು ಹಿಂದಕ್ಕೆ ತೋರಿಸಿದಳು. ಅವನು ಕೈಯನ್ನು ನೆಲದ ಕಡೆ ಚಪ್ಪಟೆ ಮಾಡಿ ಎರಡು ಸಲ ಒತ್ತಿದ. ಅವಳು ನಕ್ಕಳು.

"ಏನದು?" ಎಂದು ಕೇಳಿದೆ.

"ಶೆಡ್ಡಿನ ಮಾತು ರೀ. ಮಶೀನ್ ಚಾಲೂ ಆದ್ರ ಬಾಯಿ ಮಾತು ಯಾರಿಗಿ ಕೇಳ್ತದ? ಕಲ್ಲು ಎತ್ತು, ಇಳಿಸು, ನೀರು ಬಿಡು, ಬೆರಳು ಸಂಭಾಳಿಸು, ಎಲ್ಲಾ ಕೈಯಾಗೇ. ಮಾವ ಕೆಮ್ಮಲಿಕತ್ತಾರ, ಜಲ್ದಿ ಬಾ ಅಂದೆ. ಚಾ ಕುಡದು ಬರ್ತೀನಿ, ಜರಾ ತಡಿ ಅಂದಾ."

"ಎಲ್ಲಾ ಮಾತೂ ಆಡಲಿಕ್ಕ ಬರ್ತದೇನು?"

"ಜಗಳಾನೂ ಆಡ್ತೀವ್ರಿ" ಎಂದಳು ಹೆಮ್ಮೆಯಿಂದ.

ಮರುದಿನ ಬೆಳಿಗ್ಗೆ ಆಂಬುಲೆನ್ಸ್ ಬರುವ ಮೊದಲು ಡಾಕ್ಟರ ಬಳಿ ಹೋಗಿ ಒಂದು ಅವಕಾಶ ಕೇಳಿದೆ. ನೋಡಲು ಬರುವವರನ್ನೆಲ್ಲ ಕೆಳಗೆ ಅಂಗಳದಲ್ಲೇ ಕೂರಿಸುವುದು. ಬೆನ್ನು ತಟ್ಟುವುದನ್ನು ಅರ್ಚಕರಿಗೆ ಔಷಧಿ ಹಿಡಿದ ಹೊತ್ತಿಗೇ ಮಾಡುವುದು. ಮುದುಕನ ಅಕ್ಕ ಊಟದ ಹೊತ್ತು ಬಿಟ್ಟರೆ ವರಾಂಡದಲ್ಲಿ. ಪರದೆಯ ಆಚೆ ಬಾಯಿ ಮಾತು ಬಂದ್, ಶೆಡ್ಡಿನ ಮಾತು ಮಾತ್ರ. ಡಾಕ್ಟರು ಕಲಬುರಗಿಯ ಚೀಟಿಯನ್ನು ಮಡಚಿ ಮೇಜಿನ ಮೇಲಿಟ್ಟರು. "ಆ ಅರ್ಚಕರು ಹೋದರೆ ಅವರ ಹೆಂಡತಿಗೆ ಏನು ಹೇಳ್ತೀರಿ, ಅದನ್ನೂ ಯೋಚನೆ ಮಾಡಿ ಇಟ್ಟುಕೊಳ್ಳಿ" ಎಂದರು. ಒಪ್ಪಿಗೆ ಎಂದರ್ಥ.

ಮಗನಿಗೆ ಕಲಬುರಗಿಯ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಅವನು ತಂದೆಯ ಬಳಿ ಹೋಗಿ ಕೈಯಲ್ಲಿ ಏನೋ ಹೇಳಿದ. ಮುದುಕ ಮಾಸ್ಕಿನೊಳಗಿಂದ ನನ್ನ ಕಡೆ ತಿರುಗಿ ಚಪ್ಪಟೆ ಕೈಯನ್ನು ನೆಲದ ಕಡೆ ಒತ್ತಿದ. ಆ ಸನ್ನೆ ನನಗಾಗಲೇ ಗೊತ್ತಿತ್ತು: ಜರಾ ತಡಿ.

ವಾರ್ಡು ಸುಮ್ಮನಾಯಿತು. ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಕಥೆ. ಆದರೆ ಆ ಮೌನ ನನಗೆ ಗದ್ದಲಕ್ಕಿಂತ ಕಷ್ಟವಾಯಿತು. ಗದ್ದಲದಲ್ಲಿ ಅವರು ಏನು ಮಾತಾಡುತ್ತಾರೆಂದು ನನಗಷ್ಟೇ ಅಲ್ಲ, ಊರಿಗೇ ಗೊತ್ತಿತ್ತು. ಈಗ ನಾನು ಹತ್ತಿರ ಹೋದರೆ ಕೈಗಳು ನಿಲ್ಲುತ್ತಿದ್ದವು. ನಾನು ದಾಟಿದ ಮೇಲೆ ಸೊಸೆ ದವಡೆಯ ಹತ್ತಿರ ಎರಡು ಬೆರಳು ತಿರುಗಿಸುತ್ತಿದ್ದಳು, ಮುದುಕನ ಭುಜ ನಗೆಯಿಂದ ಅಲುಗುತ್ತಿತ್ತು. ಅದು ನಾನೇ ಎಂದು ನನಗೆ ಖಾತ್ರಿ. ನನಗೆ ಹಲ್ಲು ಸ್ವಲ್ಪ ಮುಂದು.

ಅರ್ಚಕರ ಹೆಂಡತಿಗೆ ಇನ್ನೂ ದೊಡ್ಡ ಅನುಮಾನ. "ಬೆಳಕಿನ್ಯಾಗ ಅವರ ಕೈ ನೆರಳು ಪರದಿ ಮ್ಯಾಲೆ ಬೀಳ್ತದರಿ. ಏನು ತಿರುವ್ಲಿಕತ್ತಾರ ಯಾರಿಗಿ ಗೊತ್ತು? ಮಾಟ ಮಾಡೋರೂ ಹಿಂಗೇ ಕೈ ತಿರುವ್ತಾರ."

"ಚಾ ಬೇಕೇನು ಅಂತ ಕೇಳ್ಲಿಕತ್ತಾರವ್ವ."

"ಅದು ಅವರು ನಿಮಗ ಹೇಳಿದ್ದು. ಖರೇನ ಏನಂತ ನಿಮಗೇನು ಗೊತ್ತು?"

ಗೊತ್ತಿರಲಿಲ್ಲ. ಆದರೆ ಸೆಳೆತಗಳ ನಡುವಿನ ಬಿಡುವು ಉದ್ದವಾಗುತ್ತಿತ್ತು. ದವಡೆಯ ನಡುವೆ ಚಮಚದ ತುದಿ ಹೋಗುವಷ್ಟು ಸಂದು ಬಂದಿತ್ತು. ಅದು ಮೌನದಿಂದಲೋ ಔಷಧಿಯಿಂದಲೋ ವಿಷ ತಾನಾಗಿ ಸಡಿಲಾದದ್ದರಿಂದಲೋ, ಬಿಡಿಸಿ ಹೇಳಲು ನನಗೆ ಆಗುವುದಿಲ್ಲ.

ಆಮೇಲೆ ಆ ಮಧ್ಯಾಹ್ನ. ಬಿಸಿಲು ಜೋರಾಗಿತ್ತು. ಅರ್ಚಕರ ಹೆಂಡತಿ ಬಟ್ಟೆ ಹಿಂಡಿಕೊಂಡು ಬರಲು ನಳದ ಕಡೆ ಹೋಗಿದ್ದಳು. ನಾನು ಹಾಲಿನ ಆ ತುದಿಯಲ್ಲಿ ಬೇರೊಬ್ಬರ ಕೈಗೆ ಸೂಜಿ ಹಾಕುತ್ತಿದ್ದೆ, ಮೇಜಿನ ಕಡೆ ಬೆನ್ನು. ಭುಜದ ಮೇಲೆ ಒಂದು ಕೈ ಬಿತ್ತು. ಗಂಡಸರ ವಾರ್ಡಿನಲ್ಲಿ ನರ್ಸಿನ ಮೈ ಯಾರೂ ಮುಟ್ಟುವುದಿಲ್ಲ. ಬೈಯಲೆಂದೇ ತಿರುಗಿದೆ. ಮುದುಕನ ಮಗ. ಬಾಯಿ ಬಿಗಿಯಾಗಿ ಮುಚ್ಚಿದ್ದ. ಒಂದು ಕೈ ತನ್ನ ಗಂಟಲ ಮೇಲೆ, ಬೆರಳು ಇಕ್ಕಳದಂತೆ ಬಿಗಿದು. ಇನ್ನೊಂದು ಹಸಿರು ಪರದೆಯ ಕಡೆ.

ಓಡಬಾರದೆಂಬ ನನ್ನದೇ ನಿಯಮ. ಬಿರಬಿರನೆ ನಡೆದೆ. ಅರ್ಚಕರ ಮುಖ ಕಪ್ಪಿಟ್ಟಿತ್ತು, ಎದೆ ಕಲ್ಲಾಗಿತ್ತು. ಈ ಸಲ ಸದ್ದೇ ಇಲ್ಲದ ಸೆಳೆತ, ಮಂಚವೂ ಕಿರುಗುಟ್ಟಿರಲಿಲ್ಲ. ಔಷಧಿ, ಮಾಸ್ಕ್, ಚೀಲ. ಡಾಕ್ಟರು ಬಂದು ಸಲಕರಣೆಯ ಗಂಟು ಬಿಚ್ಚಿ ನಿಂತರು. ಮಗ ಮಂಚದ ಕಾಲಬದಿಗೆ ನಿಂತು ಎರಡೂ ಕೈ ಚಪ್ಪಟೆಯಾಗಿ ನೆಲದ ಕಡೆ ಹಿಡಿದಿದ್ದ, ಒತ್ತುತ್ತಿರಲಿಲ್ಲ, ಹಿಡಿದಿದ್ದನಷ್ಟೆ. ಚೀಲ ಮೆತ್ತಗಾಯಿತು. ಗಾಳಿ ಹೋಯಿತು. ಚಾಕು ಬೇಕಾಗಲಿಲ್ಲ. ಇನ್ನೊಂದು ಗಳಿಗೆ ತಡವಾಗಿದ್ದರೆ ಅವರು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು.

ಉಸಿರು ಸರಿಯಾದ ಮೇಲೆ ನನ್ನ ಕಣ್ಣು ದಿಂಬಿನ ಮೇಲೆ ಬಿತ್ತು. ಅಲ್ಲಿ ಬಿಸಿಲಿನ ಒಂದು ಪಟ್ಟಿ ಇತ್ತು. ಪರದೆ ಒಂದು ಗೇಣಿನಷ್ಟು ಪಕ್ಕಕ್ಕೆ ಸರಿದಿತ್ತು. ಮುದುಕನ ಬದಿಯ ಕಿಟಕಿಯ ಬೆಳಕು ಆ ಸಂದಿನಿಂದ ನೇರ ಅರ್ಚಕರ ಕಣ್ಣಿಗೆ. ಬೆಳಿಗ್ಗೆ ಪರದೆಯ ಚಕ್ರವನ್ನು ಮಂಚದ ಕಾಲಿಗೆ ತಾಗಿಸಿ ನಿಲ್ಲಿಸಿದವಳು ನಾನು. ನಿಲ್ಲಿಸಿದ್ದೆ ಎಂದುಕೊಂಡಿದ್ದೇನೆ.

ಹಿಂಡಿದ ಬಟ್ಟೆ ಹಿಡಿದು ಬಂದ ಅರ್ಚಕರ ಹೆಂಡತಿಗೆ ಒಂದು ನೋಟ ಸಾಕಾಯಿತು. "ಅವನೇ ಸರ್ಸ್ಯಾನರಿ. ನಾ ಇಲ್ಲಂತ ನೋಡಿ ಸರ್ಸ್ಯಾನ, ಬೆಳಕು ಬಿದ್ದದ. ಆಮ್ಯಾಲೆ ಹೆದರಿ ನಿಮ್ಮ ಕಡಿ ಬಂದಾನ." ಅವಳ ದನಿ ಆಗಲೂ ಏರಲಿಲ್ಲ.

ಸೊಸೆ ಗಂಡನನ್ನು ಕೈಯಲ್ಲಿ ಕೇಳಿದಳು. ಅವನು ಉತ್ತರ ಕೊಟ್ಟ: ಒಂದು ಕೈಯ ಅಂಗೈ, ಇನ್ನೊಂದರ ಬೆರಳು ಅದರ ಮೇಲೆ ನಡುಗಿದಂತೆ. ಅಷ್ಟೆ.

"ಪರದಿ ಮೊದ್ಲೇ ಸರದಿತ್ತಂತ್ರಿ" ಎಂದಳು ಸೊಸೆ. "ಇವರು ನೋಡಿಲ್ಲಂತ. ಫರಸಿ ನಡುಗಿದ್ದು ಕಾಲಿಗಿ ತಿಳೀತಂತ. ಶೆಡ್ಡಿನ್ಯಾಗೂ ಹಂಗೇರಿ, ಬೆನ್ನ ಹಿಂದ ಕಲ್ಲು ಜಾರಿದ್ರ ಕಾಲಿಗೇ ತಿಳಿಯೋದು. ಸ್ವಾಮ್ಯಾರ ಮಂಚ ನಡಗ್ಲಿಕತ್ತದ ಅಂತ ತಿಳದು ಒಳಗ ಬಗ್ಗಿ ನೋಡಿದ್ರಂತ, ಅವರು ಉಸರು ಕಟ್ಟಿ ಬಿದ್ದಿದ್ರಂತ."

ಅವನ ಕೈಯ ಮಾತು ಅಷ್ಟು ಸಣ್ಣದು, ಇವಳ ಮಾತು ಇಷ್ಟು ಉದ್ದ. ಅದು ನನ್ನ ಗಮನಕ್ಕೆ ಬಾರದೆ ಹೋಗಲಿಲ್ಲ. ಅವನು ಬರಿಗಾಲಲ್ಲಿದ್ದ ಎಂಬುದೂ ಗಮನಕ್ಕೆ ಬಂತು.

ತೆಂಗಳಿಯ ರೈತ ಎದುರಿನ ಮಂಚದಲ್ಲೇ ಇದ್ದವನು. ಕೇಳಿದೆ. "ಫ್ಯಾನಿನ ಗಾಳಿಗಿ ಸರದದ್ದು ನೋಡಿದೆರಿ" ಎಂದ ಅಂದು. ಪ್ಲಾಸ್ಟರ್ ಬಿಚ್ಚಿಸಿಕೊಂಡು ಊರಿಗೆ ಹೋಗುವ ದಿನ, "ಆ ಹೆಣ್ಮಗಳೇ ನಳದ ಕಡಿ ಹೋಗುಮುಂದ ಸೀರಿ ತಾಕಿಸಿಕೊಂಡು ಹೋದ್ಲಲ್ರಿ" ಎಂದ. ಯಾವುದು ನಿಜ ಎಂದರೆ, "ನಾ ಖರೇನ ಮಲಗಿದ್ದೆ ಬಿಡ್ರಿ ಸಿಸ್ಟರ್" ಎಂದು ನಕ್ಕ.

ಬಿಡುವಾದಾಗ ನಾನೂ ಪರೀಕ್ಷೆ ಮಾಡಿದೆ. ಜೊತೆಯ ನರ್ಸಿಗೆ ಖಾಲಿ ಮಂಚವೊಂದನ್ನು ಮೆಲ್ಲಗೆ ಅಲುಗಿಸಲು ಹೇಳಿ, ಪಕ್ಕದ ಫರಸಿಯ ಮೇಲೆ ಬರಿಗಾಲಲ್ಲಿ ಕಣ್ಣು ಮುಚ್ಚಿ ನಿಂತೆ. ಏನೋ ತಿಳಿದಂತಾಯಿತು. ತಿಳಿಯಲೇಬೇಕೆಂದು ನಿಂತವಳಿಗೆ ಏನಾದರೂ ತಿಳಿದೇ ತಿಳಿಯುತ್ತದೆ. ಇನ್ನೊಮ್ಮೆ ನಿಂತೆ. ಆಗ ಏನೂ ತಿಳಿಯಲಿಲ್ಲ; ಆದರೆ ಆಗ ಅವಳು ಅಲುಗಿಸಿರಲಿಲ್ಲ ಎಂದು ಆಮೇಲೆ ಹೇಳಿದಳು. ಅದನ್ನು ನಂಬಬೇಕೋ ಬೇಡವೋ.

ಪರದೆಯ ಚಕ್ರಕ್ಕೆ ಬಟ್ಟೆ ಸುತ್ತಿ ಎರಡೂ ಮಂಚಗಳಿಗೆ ಕಟ್ಟಿಬಿಟ್ಟೆ. ಮುದುಕನ ಬದಿಯ ಕಿಟಕಿಗೂ ಕಂಬಳಿ. ಆ ಮೂಲೆಯಲ್ಲಿ ಹಗಲಿಡೀ ನಸುಗತ್ತಲು, ಆ ಕತ್ತಲಲ್ಲಿ ಕೈಗಳು ಮಾತಾಡುತ್ತಲೇ ಇದ್ದವು. ಮುದುಕ ಚೇತರಿಸಿಕೊಂಡು ಮೊದಲು ಮನೆಗೆ ಹೋದ. ಅವನ ಅಕ್ಕ ಬಾಗಿಲು ದಾಟಿದ್ದೇ ತಡ, ಇಷ್ಟು ದಿನ ನುಂಗಿದ್ದನ್ನೆಲ್ಲ ವರಾಂಡದಲ್ಲಿ ಒಂದೇ ಉಸಿರಿಗೆ ಹೊರಹಾಕಿದಳು: "ನಡೀರೆಪ್ಪಾ, ಇನ್ನ ಬಾಯಿ ನಮ್ಮದು!" ಮಗ ನನಗೆ ನಮಸ್ಕಾರ ಮಾಡಿದ. ಅರ್ಚಕರ ಹೆಂಡತಿಯ ಕಡೆಗೂ ಕೈ ಮುಗಿದ. ಅವಳು ಗಂಡನ ಹೊದಿಕೆ ಸರಿಮಾಡುತ್ತಿದ್ದಳು. ನೋಡಲಿಲ್ಲ, ಅಥವಾ ನೋಡಿ ಹೊದಿಕೆಗೆ ತಿರುಗಿದಳು.

ಬಹಳ ದಿನಗಳ ಮೇಲೆ, ಚಿಂಚೋಳಿಯ ನನ್ನ ಊರಿಗೆ ಹೋಗುವಾಗ ಮಳಖೇಡದಲ್ಲಿ ಇಳಿದೆ. ಅರ್ಚಕರು ಗುಡಿಯ ಬಾಗಿಲವರೆಗೆ ಚಪ್ಪಲಿ ಹಾಕಿಕೊಂಡು ನಿಧಾನ ನಡೆದು ಬಂದರು. ನನ್ನ ಗುರುತು ಸಿಗಲಿಲ್ಲ. ದನಿ ಕೇಳಿದ ಮೇಲೆ ಸಿಕ್ಕಿತು. "ಈಗ ಕೈ ಹಿಡೀತೀನಿ ಅಂತ ಹೇಳ್ತಿದ್ರಲ್ಲ, ಅವರು ನೀವೇ ಏನ್ರಿ?" ಎಂದರು.

ಪರದೆಯ ವಿಷಯ ಕೇಳಿದೆ. ಔಷಧಿಯ ಮಂಪರಿನಲ್ಲಿ ಆ ದಿನದ್ದು ಏನೂ ಉಳಿದಿಲ್ಲವೆಂದರು. ಫರಸಿ ಹಾಸಿದವನು ಆ ಮಗನೇ ಹೌದೇ ಎಂದು ಕೇಳಿದೆ.

"ನಮ್ಮಾಕಿ ಹೌದಂತಾಳ. ನಾ ಹೇಳ್ಲಿಕ್ಕ ಬರಂಗಿಲ್ರಿ. ಹಾಸಿದವನ ಮಾರಿ ನಾ ಯಾವಾಗ ನೋಡೀನಿ? ಫರಸಿ ನೋಡಿದ್ದೆ."

ಹಾಗೆ ಹೇಳಿ ಅವರೇ ಅಂಗಳಕ್ಕೆ ಇಳಿದರು. ಆಮೇಲೆ ಕೀಳಿಸಿ ಮತ್ತೆ ಹಾಸಿಸಿದ ಸಾಲು ತೋರಿಸಿದರು. ನನಗೆ ಅದು ಉಳಿದ ಸಾಲುಗಳಂತೆಯೇ ಕಂಡಿತು. ಒಂದು ತಂಬಿಗೆ ನೀರು ತಂದು ಸುರಿದರು. ನೀರು ಹೊರಗಿನ ಕಡೆಗೆ, ಬಾಗಿಲ ಕಡೆಗೆ ಹರಿಯಿತು.

ಅರ್ಚಕರು ಬದುಕಿದ್ದಾರೆ. ಮುದುಕನ ಮಗ ಆ ಮಧ್ಯಾಹ್ನ ನನ್ನ ಭುಜ ಮುಟ್ಟಿದ. ಇವೆರಡನ್ನು ಯಾರ ಮುಂದೆಯಾದರೂ ಹೇಳಬಲ್ಲೆ. ಡಬ್ಬಿ ಮೊದಲೋ ಸೆಳೆತ ಮೊದಲೋ, ಅವನು ಆ ಅಂಗಳದಲ್ಲಿ ಎಂದಾದರೂ ಕೂತು ಕಲ್ಲು ಹಾಸಿದ್ದನೋ ಇಲ್ಲವೋ, ಪರದೆಯನ್ನು ಗಾಳಿ ಸರಿಸಿತೋ, ಸೀರೆಯೋ, ಅವನ ಕೈಯೋ, ಅಥವಾ ಬೆಳಿಗ್ಗೆ ನಾನೇ ಅದನ್ನು ಸರಿಯಾಗಿ ನಿಲ್ಲಿಸಿರಲಿಲ್ಲವೋ, ನನಗೆ ಗೊತ್ತಿಲ್ಲ.